ಹೊಸ ಗೇರ್ ಆಯಿಲ್ ಹಾಕಿದ ಮೇಲೂ ಗೇರ್ ಬಿಗಿ: ಮಲೆನಾಡಿನ ಒಂದು ಕಾರಿನ ಪ್ರಕರಣ

ಕಾರಿನ ಮಾಲೀಕರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ, ಮೊದಲು ಕೆಲಸ ಮಾಡಿದ ಗ್ಯಾರೇಜ್‌ಗಳು ಯಾವುದನ್ನೂ ಹೇಳುವುದಿಲ್ಲ. ಅವರು ಶಾಲೆಯಲ್ಲಿ ಪಾಠ ಮಾಡುವವರು, ಹಾಗಾಗಿ ಮೇಷ್ಟ್ರು ಅಂತ ಕರೆಯುತ್ತೇನೆ. ಮೂಡಿಗೆರೆ ಕಡೆಯವರು ಅಂದರೆ ಸಾಕು. ನನ್ನದು ಆ ಭಾಗದಲ್ಲೇ ಒಂದು ಸಣ್ಣ ಗ್ಯಾರೇಜ್. ಕಾರಿನ ಕೆಳಗೆ ಇಳಿದು ಕೆಲಸ ಮಾಡಲು ಒಂದು ಪಿಟ್, ಇಬ್ಬರು ಹುಡುಗರು.

ಗೇರ್ ಬಿಗಿ ಅನ್ನುವ ದೂರು ನಮ್ಮಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ಈ ಕಾರಿನದನ್ನೇ ಆರಿಸಿಕೊಂಡು ಬರೆಯಲು ಕಾರಣ ಇದೆ. ಇದರಲ್ಲಿ ಗೇರ್ ಆಯಿಲ್ ಬದಲಾಯಿಸಿ ಆರೇ ತಿಂಗಳಾಗಿತ್ತು. ಅದರಿಂದಾಗಿ ಯಾರೂ ಆಯಿಲ್ ಕಡೆ ತಿರುಗಿಯೂ ನೋಡಿರಲಿಲ್ಲ.

ಕಾರು ಮತ್ತು ದಾರಿ

ಪೆಟ್ರೋಲ್ ಹ್ಯಾಚ್‌ಬ್ಯಾಕ್, 9 ವರ್ಷ ಹಳೆಯದು. 5 ಗೇರ್, ಕೇಬಲ್ ಕ್ಲಚ್. ಮೇಷ್ಟ್ರು ಇದನ್ನು 3 ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು, ಆಗ 51 ಸಾವಿರ ಕಿ.ಮೀ. ಓಡಿತ್ತು. ನನ್ನ ಹತ್ತಿರ ಬಂದಾಗ 82 ಸಾವಿರ. ದಿನಾ ಬೆಳಗ್ಗೆ ಶಾಲೆಗೆ 14 ಕಿ.ಮೀ., ಎಸ್ಟೇಟ್ ರಸ್ತೆಯ ಏರಿಳಿತ. ಎರಡು ವಾರಕ್ಕೊಮ್ಮೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋಗಿ ಬರುತ್ತಿದ್ದರು. ಆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ತಿರುವು ತಿರುವಿಗೂ ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಎರಡನೇ ಗೇರ್‌ಗೆ ಬೇರೆ ಊರಿನ ಕಾರುಗಳಿಗಿಂತ ಇಲ್ಲಿ ದುಡಿಮೆ ಜಾಸ್ತಿ.

ಮಳೆಗಾಲಕ್ಕೆ ಮುಂಚೆ, ಜೂನ್ ಮೊದಲ ವಾರ, ಮೇಷ್ಟ್ರು ಒಂದು ಗ್ಯಾರೇಜ್‌ನಲ್ಲಿ ಸರ್ವಿಸ್ ಮಾಡಿಸಿದ್ದರು. 'ಗೇರ್ ಸ್ವಲ್ಪ ಬಿಗಿ ಅನ್ನಿಸ್ತದೆ' ಅಂದದ್ದಕ್ಕೆ ಅವರು ಗೇರ್ ಆಯಿಲ್ ಬದಲಾಯಿಸಿ ಕೊಟ್ಟರು. ಒಂದೆರಡು ದಿನ ಹಗುರ ಅನ್ನಿಸಿತಂತೆ. ಆಮೇಲೆ ಮಳೆ ಶುರುವಾಯಿತು, ಗೇರ್ ಕಡೆ ಗಮನ ಹೋಗಲಿಲ್ಲ.

ನವೆಂಬರ್ ಕೊನೆಗೆ ಚಳಿ ಬಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿ ಒಂದನೇ ಗೇರ್ ಹಾಕಿದರೆ ಲಿವರ್ ಒಳಗೇ ಹೋಗುವುದಿಲ್ಲ. ಎರಡು ಮೂರು ಸಲ ಪ್ರಯತ್ನ ಮಾಡಬೇಕು. ರಿವರ್ಸ್ ಹಾಕಿದರೆ 'ಕರ್ರ್' ಅಂತ ಹಲ್ಲು ಕಡಿಯುವ ಸದ್ದು. ಮೂರರಿಂದ ಎರಡಕ್ಕೆ ಇಳಿಸುವಾಗಲೂ ಅದೇ ಸದ್ದು, ಸ್ವಲ್ಪ ಸಣ್ಣದಾಗಿ. ಡಿಸೆಂಬರ್ ಎರಡನೇ ವಾರ ಇನ್ನೊಂದು ಗ್ಯಾರೇಜ್‌ಗೆ ತೋರಿಸಿದರು. ಅಲ್ಲಿನವರು ಒಂದು ಸುತ್ತು ಓಡಿಸಿ ನೋಡಿ, ಗೇರ್ ಬಾಕ್ಸ್ ಇಳಿಸಿ ಸಿಂಕ್ರೋ ರಿಂಗ್ (ಗೇರ್ ಬೀಳುವ ಮುಂಚೆ ವೇಗ ಸಮ ಮಾಡುವ ಉಂಗುರ) ಎಲ್ಲಾ ಹೊಸದು ಹಾಕಬೇಕು, 28 ಸಾವಿರ ಆಗುತ್ತದೆ ಅಂದರು. ಆಯಿಲ್ ಕೇಳಿದ್ದಕ್ಕೆ, 'ಹೊಸದೇ ಇದೆಯಲ್ಲ, ಅದರಿಂದ ಏನೂ ಆಗಲ್ಲ' ಅಂದರಂತೆ.

ಆ 28 ಸಾವಿರದ ಅಂದಾಜು ಪಟ್ಟಿ ಹಿಡಿದುಕೊಂಡೇ ಮೇಷ್ಟ್ರು ನಮ್ಮಲ್ಲಿಗೆ ಬಂದರು. ಮಗಳ ಕಾಲೇಜು ಫೀಸ್ ಕಟ್ಟುವ ತಿಂಗಳು ಅದು.

ಮೊದಲ ದಿನ: ಬಿಲ್ಲಿನ ಒಂದು ಸಾಲು

ನಾನು ಮೊದಲು ಕೇಳುವುದು ಯಾವಾಗಲೂ ಇವೇ. ಯಾವ ಗೇರ್ ಬಿಗಿ, ಎಲ್ಲವೂನಾ ಒಂದೆರಡೇನಾ? ಬೆಳಗ್ಗೆ ಮಾತ್ರನಾ, ಬಿಸಿಯಾದ ಮೇಲೂನಾ? ಇಂಜಿನ್ ಆಫ್ ಇದ್ದಾಗ ಹೇಗೆ ಬೀಳುತ್ತದೆ? ಈ ಮೂರಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಅರ್ಧ ಕೆಲಸ ಸ್ಪ್ಯಾನರ್ ಮುಟ್ಟದೆಯೇ ಆಗಿಹೋಗುತ್ತದೆ.

ಇಂಜಿನ್ ಆಫ್ ಮಾಡಿದಾಗ ಗೇರ್ ಬೆಣ್ಣೆಯ ಹಾಗೆ ಬಿದ್ದು, ಇಂಜಿನ್ ಆನ್ ಆದಾಗ ಮಾತ್ರ ಬಿಗಿಯಾದರೆ, ಮೊದಲ ಅನುಮಾನ ಕ್ಲಚ್ ಮೇಲೆ. ಎರಡೂ ಹೊತ್ತಲ್ಲೂ ಬಿಗಿ ಇದ್ದರೆ ಲಿವರಿನಿಂದ ಗೇರ್ ಬಾಕ್ಸ್‌ಗೆ ಹೋಗುವ ಕೇಬಲ್ಲು, ಬುಷ್ಷು, ಇಲ್ಲಾ ಆಯಿಲ್ಲು. ಒಂದೇ ಒಂದು ಗೇರ್ ತಕರಾರು ಮಾಡಿದರೆ ಆ ಗೇರಿನ ಸಿಂಕ್ರೋ. ಹೇಳುವಾಗ ಸುಲಭ. ಮೇಷ್ಟ್ರ ಕಾರಿನಲ್ಲಿ ಈ ಎಲ್ಲಾ ಲಕ್ಷಣವೂ ಸ್ವಲ್ಪ ಸ್ವಲ್ಪ ಇತ್ತು.

ಕಾರನ್ನು ರಾತ್ರಿ ನಮ್ಮಲ್ಲೇ ಬಿಟ್ಟು ಹೋಗಲು ಹೇಳಿದೆ. ಓಡಿಸಿಕೊಂಡು ಬಂದ ಕಾರಿನ ಗೇರ್ ಬಾಕ್ಸ್ ಬಿಸಿ ಇರುತ್ತದೆ, ಬೆಳಗಿನ ದೂರು ಮಧ್ಯಾಹ್ನ ಕಾಣುವುದಿಲ್ಲ. ಮರುದಿನ ಬೆಳಗ್ಗೆ 6 ಗಂಟೆಗೆ ಹೋಗಿ ಕೂತೆ. ಹೊರಗೆ 12 ಡಿಗ್ರಿ. ಇಂಜಿನ್ ಸ್ಟಾರ್ಟ್ ಮಾಡದೆ ಒಂದರಿಂದ ಐದರವರೆಗೆ ಹಾಕಿ ನೋಡಿದೆ. ಎಲ್ಲಾ ಗೇರೂ ಭಾರ. ಲಿವರ್ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ, ಗಟ್ಟಿಯಾದ ಜೋನಿ ಬೆಲ್ಲದೊಳಗೆ ಸೌಟು ಆಡಿಸಿದ ಹಾಗೆ ನಿಧಾನವಾಗಿ ಹೋಗುತ್ತಿತ್ತು. ಕೇಬಲ್ ತುಕ್ಕು ಹಿಡಿದಿದ್ದರೆ ಕೈಗೆ ಒರಟು ಒರಟಾಗಿ ಸಿಗುತ್ತದೆ, ಬಿಸಿಯಾದರೂ ಹಾಗೇ ಇರುತ್ತದೆ. ಇದು ಹಾಗಿರಲಿಲ್ಲ. 20 ನಿಮಿಷ ಓಡಿಸಿ ಬಂದು ಮತ್ತೆ ನೋಡಿದರೆ ಆ ಭಾರ ಮುಕ್ಕಾಲು ಭಾಗ ಹೋಗಿತ್ತು.

ಚಳಿಗೆ ಭಾರ, ಬಿಸಿಗೆ ಹಗುರ. ಇದು ಆಯಿಲ್ ಆಡುವ ಮಾತು.

ಮೇಷ್ಟ್ರಿಗೆ ಫೋನ್ ಮಾಡಿ ಜೂನ್ ತಿಂಗಳ ಬಿಲ್ ಇದೆಯಾ ಕೇಳಿದೆ. ಅವರು ಎಲ್ಲವನ್ನೂ ಫೈಲ್ ಮಾಡಿ ಇಡುವವರು. ಫೋಟೋ ಬಂತು. 'ಗೇರ್ ಆಯಿಲ್ 80ಡಬ್ಲ್ಯೂ-90 ಜಿಎಲ್-5, 2 ಲೀಟರ್.' ಕಾರಿನ ಡ್ಯಾಶ್‌ಬೋರ್ಡ್ ಡಬ್ಬದಲ್ಲಿದ್ದ ಕೈಪಿಡಿ ತೆಗೆದು ನೋಡಿದೆ. ಅದರಲ್ಲಿ ಹೇಳಿದ್ದು 75ಡಬ್ಲ್ಯೂ-80 ಜಿಎಲ್-4, 2.2 ಲೀಟರ್.

ಆ ಅಂಕಿಗಳಲ್ಲಿ ಏನಿದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಆಗುವ ತಪ್ಪು ಬಹುಪಾಲು ಇದೇ ಅಂಕಿಗಳಲ್ಲಿ ಆಗುತ್ತದೆ.

'ಡಬ್ಲ್ಯೂ'ಗೆ ಮುಂಚಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಹರಿಯುತ್ತದೆ ಅನ್ನುವುದಕ್ಕೆ. 75ಡಬ್ಲ್ಯೂ ಆಯಿಲ್ ಮೈನಸ್ 40 ಡಿಗ್ರಿಯಲ್ಲಿ ಒಂದು ಮಿತಿಗಿಂತ ಗಟ್ಟಿಯಾಗಬಾರದು. 80ಡಬ್ಲ್ಯೂಗೆ ಅದೇ ಪರೀಕ್ಷೆ ಮೈನಸ್ 26ರಲ್ಲಿ. ನಮ್ಮಲ್ಲಿ ಅಂಥ ಚಳಿ ಎಲ್ಲಿ ಬರಬೇಕು ಅನ್ನಬಹುದು. ಆದರೆ ಆ ವ್ಯತ್ಯಾಸ 12 ಡಿಗ್ರಿಯಲ್ಲೂ ಕೈಗೆ ಗೊತ್ತಾಗುತ್ತದೆ. ಕೊನೆಯ ಅಂಕಿ ಬಿಸಿಯಾದಾಗಿನ ದಪ್ಪಕ್ಕೆ. 80ಕ್ಕಿಂತ 90 ದಪ್ಪ. ಅಂದರೆ ಜೂನ್‌ನಲ್ಲಿ ಹಾಕಿದ ಆಯಿಲ್ ಚಳಿಗೂ ದಪ್ಪ, ಬಿಸಿಗೂ ದಪ್ಪ.

ಇನ್ನು ಜಿಎಲ್-4, ಜಿಎಲ್-5. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಜಾಸ್ತಿ ಒಳ್ಳೆಯದು ಅಂತ ಅಂಗಡಿಯವರೂ ಹೇಳುತ್ತಾರೆ, ಕೆಲವು ಮೆಕ್ಯಾನಿಕ್‌ಗಳೂ ನಂಬುತ್ತಾರೆ. ನಿಜ ಏನೆಂದರೆ ಇವೆರಡರ ಕೆಲಸವೇ ಬೇರೆ. ಜೀಪು, ಪಿಕಪ್‌ಗಳ ಹಿಂದಿನ ಆಕ್ಸಲ್‌ನಲ್ಲಿರುವ ಹೈಪಾಯ್ಡ್ ಗೇರ್‌ಗಳು ಒಂದರ ಮೇಲೊಂದು ಜಾರುತ್ತಾ ಭಾರಿ ಒತ್ತಡದಲ್ಲಿ ತಿರುಗುತ್ತವೆ. ಅವುಗಳ ಹಲ್ಲು ಉಳಿಸಲು ಗಂಧಕ ಮತ್ತು ರಂಜಕ ಇರುವ ರಾಸಾಯನಿಕ ಬೇಕು. ಜಿಎಲ್-5ರಲ್ಲಿ ಅದು ಜಿಎಲ್-4ರ ಹೆಚ್ಚುಕಡಿಮೆ ಎರಡರಷ್ಟು ಇರುತ್ತದೆ. ಆಕ್ಸಲ್‌ಗೆ ಅದು ವರ. ಆದರೆ ಮೇಷ್ಟ್ರ ಕಾರಿನಂಥ ಗೇರ್ ಬಾಕ್ಸ್‌ನಲ್ಲಿ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳಿವೆ.

ಸಿಂಕ್ರೋ ರಿಂಗ್ ಅಂದರೆ ಒಂದು ಪುಟ್ಟ ಬ್ರೇಕ್ ಅಂದುಕೊಳ್ಳಿ. ನೀವು ಲಿವರ್ ತಳ್ಳಿದಾಗ ಆ ಉಂಗುರ ಗೇರಿನ ಶಂಕುವಿನ ಮೇಲೆ ಕೂತು ಉಜ್ಜುತ್ತದೆ. ಉಜ್ಜಿ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ವೇಗ ಸಮ ಆಗುವ ತನಕ ಲಿವರನ್ನು ಒಳಗೆ ಬಿಡುವುದಿಲ್ಲ, ಸಮ ಆದ ಕೂಡಲೇ ದಾರಿ ಕೊಡುತ್ತದೆ. ಉಂಗುರದ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳಿರುತ್ತವೆ. ನಡುವೆ ಇರುವ ಆಯಿಲ್ ಪದರವನ್ನು ಆ ಗೆರೆಗಳು ಕತ್ತರಿಸಿ ಪಕ್ಕಕ್ಕೆ ತಳ್ಳಬೇಕು, ಆಗಲೇ ಹಿತ್ತಾಳೆಗೂ ಉಕ್ಕಿಗೂ ಹಿಡಿತ ಸಿಗುವುದು. ಆಯಿಲ್ ದಪ್ಪ ಇದ್ದರೆ ಪದರ ಬೇಗ ಹರಿಯುವುದಿಲ್ಲ, ನಮಗೆ ಗೇರ್ ಬಿಗಿ ಅನ್ನಿಸುತ್ತದೆ. ಆಯಿಲ್ ಜಾಸ್ತಿ ಜಾರು ಇದ್ದರೆ ಉಂಗುರಕ್ಕೆ ಹಿಡಿತವೇ ಸಿಗುವುದಿಲ್ಲ, ವೇಗ ಸಮ ಆಗದೆ ಹಲ್ಲು ಕಡಿಯುತ್ತದೆ. ಸಾಲದ್ದಕ್ಕೆ ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ನಿಧಾನವಾಗಿ ತಿನ್ನಲೂಬಹುದು. ಎರಡಕ್ಕೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದ ಆಯಿಲ್‌ಗಳೂ ಇವೆ. ಬಿಲ್ಲಿನಲ್ಲಿದ್ದದ್ದು ಅದಲ್ಲ.

ಜೂನ್‌ನಲ್ಲಿ ಅದನ್ನು ಹಾಕಿದವರು ಬೇಕಂತ ಮೋಸ ಮಾಡಿದ್ದಾರೆ ಅಂತ ನನಗನ್ನಿಸುವುದಿಲ್ಲ. ನಮ್ಮದು ಕಾಫಿ ತೋಟದ ಸೀಮೆ. ಇಲ್ಲಿ ಎಲ್ಲಿ ನೋಡಿದರೂ ಜೀಪು, ಪಿಕಪ್ಪು. ಅಂಗಡಿಯ ಕಪಾಟಿನಲ್ಲಿ ಇರುವುದೂ ಅವುಗಳ ಆಯಿಲ್ಲೇ. ಗೇರ್ ಆಯಿಲ್ ಕೊಡಿ ಅಂದರೆ ಕೈಗೆ ಸಿಕ್ಕುವುದು 80ಡಬ್ಲ್ಯೂ-90 ಜಿಎಲ್-5. ಕೈಪಿಡಿ ತೆರೆದು ನೋಡುವ ಎರಡು ನಿಮಿಷ ಅಲ್ಲಿ ತಪ್ಪಿಹೋಗಿದೆ.

ನನ್ನ ತಪ್ಪು, ಮತ್ತು ಕಾಯಬೇಕಾದ ನಾಲ್ಕು ದಿನ

ಬಿಲ್ ನೋಡಿದ ಖುಷಿಯಲ್ಲಿ ನಾನು ಮೇಷ್ಟ್ರಿಗೆ ಹೇಳಿಬಿಟ್ಟೆ: 'ಆಯಿಲ್ ಬದಲಾಯಿಸಿದರೆ ಎಲ್ಲಾ ಸರಿ ಹೋಗ್ತದೆ.' ಹಾಗೆ ಹೇಳಬಾರದಿತ್ತು. ರಿವರ್ಸ್‌ನ ಆ ಕರ್ರ್ ಸದ್ದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಸರಿಯಾದ ಆಯಿಲ್ ನಮ್ಮ ಊರಲ್ಲಿ ಇರಲಿಲ್ಲ. ಹಾಸನದಿಂದ ತರಿಸಬೇಕು, ನಾಲ್ಕು ದಿನ ಅಂದರು. ಈ ನಾಲ್ಕು ದಿನವೇ ಈ ಪ್ರಕರಣದ ದಿಕ್ಕು ತಿರುಗಿಸಿದ್ದು. ಆವತ್ತೇ ಆಯಿಲ್ ಸಿಕ್ಕಿದ್ದರೆ ಹಾಕಿ ಕಳಿಸಿಬಿಡುತ್ತಿದ್ದೆ. ರಿವರ್ಸ್ ಸದ್ದು ಹಾಗೇ ಉಳಿಯುತ್ತಿತ್ತು, ಮೇಷ್ಟ್ರು ಆ 28 ಸಾವಿರದ ಕಡೆಗೇ ಹೋಗುತ್ತಿದ್ದರು.

ಕಾಯುತ್ತಾ ಇದ್ದಾಗ ರಿವರ್ಸ್ ಬಗ್ಗೆ ಯೋಚಿಸಿದೆ. ಈ ಕಾರಿನ ರಿವರ್ಸ್ ಗೇರ್‌ಗೆ ಸಿಂಕ್ರೋ ಇಲ್ಲ. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಸುಮ್ನೆ ಕಾದರೆ ಒಳಗಿನ ಶಾಫ್ಟ್ ತಾನಾಗಿ ನಿಲ್ಲಬೇಕು, ಆಮೇಲೆ ರಿವರ್ಸ್ ಸದ್ದಿಲ್ಲದೆ ಬೀಳಬೇಕು. ಆಯಿಲ್ ದಪ್ಪ ಇದ್ದರಂತೂ ಶಾಫ್ಟ್ ಇನ್ನೂ ಬೇಗ ನಿಲ್ಲಬೇಕು, ಅಲ್ವಾ? ದಪ್ಪ ಆಯಿಲ್ ತಿರುಗುವುದನ್ನು ತಡೆಯುತ್ತದೆಯೇ ಹೊರತು ತಿರುಗಿಸುವುದಿಲ್ಲ. ನಾನು ಹತ್ತು ಸೆಕೆಂಡ್ ಕಾದು ಹಾಕಿದರೂ ಕರ್ರ್ ಅಂತು. ಅಂದರೆ ಶಾಫ್ಟನ್ನು ಇಂಜಿನ್ ಇನ್ನೂ ತಿರುಗಿಸುತ್ತಲೇ ಇದೆ. ಕ್ಲಚ್ ಇಂಜಿನ್ನನ್ನು ಗೇರ್ ಬಾಕ್ಸಿನಿಂದ ಪೂರ್ತಿ ಬಿಡಿಸಿಲ್ಲ.

ಬಾಗಿಲು ತೆಗೆದು ಪೆಡಲ್ ಹತ್ತಿರ ಬಗ್ಗಿದೆ. ಕಾರ್ಪೆಟ್ ಮ್ಯಾಟ್, ಅದರ ಮೇಲೆ ಮಳೆಗಾಲಕ್ಕೆ ಅಂತ ಹಾಕಿದ ದಪ್ಪ ರಬ್ಬರ್ ಮ್ಯಾಟ್. ರಬ್ಬರ್ ಮ್ಯಾಟಿನ ಅಂಚು ಮೇಲಕ್ಕೆ ಮಡಚಿಕೊಂಡು ಸರಿಯಾಗಿ ಕ್ಲಚ್ ಪೆಡಲಿನ ಕೆಳಗೆ ಬಂದು ಕೂತಿತ್ತು. ಪೆಡಲ್ ಗುರುತು ಅದರ ಮೇಲೆ ಅಚ್ಚೊತ್ತಿದ ಹಾಗೆ ಮೂಡಿತ್ತು, ಪೆಡಲಿನ ರಬ್ಬರಿನ ಅಡ್ಡ ಗೆರೆಗಳೂ ಕಾಣುವಷ್ಟು. ಆರು ತಿಂಗಳಿಂದ ಪ್ರತಿ ಸಲ ಪೆಡಲ್ ಆ ಮ್ಯಾಟಿಗೆ ತಾಗಿ ನಿಲ್ಲುತ್ತಿತ್ತು. ಮೇಷ್ಟ್ರಿಗೆ ಪೂರ್ತಿ ಒತ್ತಿದ ಹಾಗೇ ಅನ್ನಿಸುತ್ತಿತ್ತು, ಪಾಪ.

ಎರಡೂ ಮ್ಯಾಟ್ ತೆಗೆದು ಅಳತೆ ಮಾಡಿದೆ. ಪೆಡಲಿಗೆ 2 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಓಟ ಸಿಕ್ಕಿತು. ಕ್ಲಚ್ ಕೇಬಲ್ ಕೂಡ ಹಿಗ್ಗಿತ್ತು. ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ ಕೆಲಸ ಶುರು ಮಾಡುವ ಮುಂಚೆ ಪೆಡಲ್ ಖಾಲಿ ಇಳಿಯುವ ದೂರ, ಕೈಪಿಡಿ ಹೇಳಿದ್ದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಇತ್ತು. ಗೇರ್ ಬಾಕ್ಸ್ ತುದಿಯಲ್ಲಿರುವ ನಟ್ ತಿರುಗಿಸಿ ಅದನ್ನೂ ಸರಿ ಮಾಡಿದೆ. ಕೆಲಸ 15 ನಿಮಿಷದ್ದು. ಆಮೇಲೆ ಮೂರು ಸೆಕೆಂಡ್ ಕಾದು ರಿವರ್ಸ್ ಹಾಕಿದೆ. ಸದ್ದೇ ಇಲ್ಲ.

ಅಲ್ಲಿಂದ ಒಂದು ತೀರ್ಮಾನ ಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ನಡುವೆ ಕೆಲವು ದಿನ ಓಡಿಸಿ ನೋಡುವುದು. ಮೇಷ್ಟ್ರು ಒಂದು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಗೆರೆ ಹಾಕಿದರು. ತಾರೀಕು, ಬೆಳಗಿನ ಡಿಗ್ರಿ, ಒಂದನೇ ಗೇರ್ ಎಷ್ಟನೇ ಸಲಕ್ಕೆ ಬಿತ್ತು, ರಿವರ್ಸ್, ಎರಡಕ್ಕೆ ಇಳಿಸುವಾಗ ಸದ್ದು ಬಂತಾ ಇಲ್ಲವಾ. ಗ್ಯಾರೇಜ್‌ನಲ್ಲಿ ಇಷ್ಟು ವರ್ಷ ಇದ್ದೇನೆ, ಯಾವ ಗಿರಾಕಿಯೂ ನನಗೆ ಇಷ್ಟು ಸಹಾಯ ಮಾಡಿರಲಿಲ್ಲ.

ಕ್ಲಚ್ ಸರಿಯಾದ ಮೇಲಿನ ನಾಲ್ಕು ಬೆಳಗ್ಗೆಯ ಲೆಕ್ಕ ಹೀಗಿತ್ತು. ರಿವರ್ಸ್ ನಾಲ್ಕು ದಿನವೂ ಸದ್ದಿಲ್ಲದೆ ಬಿತ್ತು. ಒಂದನೇ ಗೇರ್ ಎರಡು ದಿನ ಮೊದಲ ಸಲಕ್ಕೆ, ಎರಡು ದಿನ ಎರಡನೇ ಸಲಕ್ಕೆ. ಆದರೆ ಲಿವರಿನ ಭಾರ ಹಾಗೇ ಇದೆ. ಎರಡನೇ ಗೇರ್ ನಾಲ್ಕು ದಿನವೂ ಕಡಿಯಿತು. ಆಯಿಲ್ ಮಾಡಬೇಕಾದ ಕೆಲಸ ಏನು ಅನ್ನುವುದು ಈಗ ಬಿಡಿಯಾಗಿ ಕಣ್ಣಿಗೆ ಕಂಡಿತು.

ಆಯಿಲ್ ಇಳಿಸಿದ ದಿನ

ಹಾಸನದಿಂದ ಒಂದೊಂದು ಲೀಟರಿನ ಮೂರು ಡಬ್ಬ ಬಂತು, ಲೀಟರಿಗೆ 550 ರೂಪಾಯಿ.

ಮೊದಲು 15 ನಿಮಿಷ ಕಾರು ಓಡಿಸಿದೆವು. ಆಯಿಲ್ ಬಿಸಿ ಇದ್ದರೆ ಪೂರ್ತಿ ಇಳಿಯುತ್ತದೆ, ಕೊಳೆಯೂ ಜೊತೆಗೆ ಬರುತ್ತದೆ. ಪಿಟ್ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಮೊದಲು ಬಿಚ್ಚಿದ್ದು ಮೇಲಿನ ಫಿಲ್ಲರ್ ಬೋಲ್ಟ್. ನಮ್ಮ ಹುಡುಗರಿಗೆ ನಾನು ಇದನ್ನು ಪ್ರತಿ ಸಲವೂ ಹೇಳುತ್ತೇನೆ. ಕೆಳಗಿನ ಡ್ರೈನ್ ಬೋಲ್ಟ್ ಮೊದಲು ಬಿಚ್ಚಿ ಆಯಿಲ್ ಎಲ್ಲಾ ಹೋದ ಮೇಲೆ, ಮೇಲಿನದು ತುಕ್ಕು ಹಿಡಿದು ಬರಲೇ ಇಲ್ಲ ಅಂದರೆ ಕಾರು ಅಲ್ಲೇ ನಿಂತಿತು. ತುಂಬುವ ದಾರಿ ತೆರೆದ ಮೇಲೆಯೇ ಖಾಲಿ ಮಾಡುವುದು.

ಡ್ರೈನ್ ಬೋಲ್ಟ್ ತೆಗೆದಾಗ ಮೊದಲು ಬಂದದ್ದು ವಾಸನೆ. ಜಿಎಲ್-5ರ ಆ ಗಂಧಕದ ಘಾಟು ಗೊತ್ತಿದ್ದವರಿಗೆ ಡಬ್ಬ ನೋಡುವುದೇ ಬೇಡ. ಬೋಲ್ಟಿನ ತುದಿಯ ಅಯಸ್ಕಾಂತದ ಮೇಲೆ ಬೂದು ಬಣ್ಣದ ಪೇಸ್ಟ್ ಕೂತಿತ್ತು, ಕಾಡಿಗೆಯಷ್ಟು ನುಣ್ಣಗೆ. ಅದು ಎಲ್ಲಾ ಗೇರ್ ಬಾಕ್ಸ್‌ನಲ್ಲೂ ಇರುತ್ತದೆ, ಹೆದರಬೇಕಿಲ್ಲ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಂಡು ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಹಳೆಯ ಬಿಳಿ ಪಂಚೆ ತುಂಡಿನ ಮೇಲೆ ಒಂದಿಷ್ಟು ಆಯಿಲ್ ಸುರಿದು ಬಿಸಿಲಿಗೆ ಹಿಡಿದೆ. ಬಟ್ಟೆಯ ಎಳೆಗಳ ನಡುವೆ ಚಿನ್ನದ ಬಣ್ಣದ ಸಣ್ಣ ಸಣ್ಣ ಹೊಳಪು. ಅಯಸ್ಕಾಂತ ತಂದರೆ ಅವು ಅಲುಗಲಿಲ್ಲ. ಹಿತ್ತಾಳೆ. ಸಿಂಕ್ರೋ ಉಂಗುರದ ಪುಡಿ.

ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಅವರಿಗೂ ತೋರಿಸಿದೆ, ಇದರ ಅರ್ಥ ಏನು ಅಂತಲೂ ಹೇಳಿದೆ. ಎರಡನೇ ಗೇರಿನ ಉಂಗುರ ಒಂದಿಷ್ಟು ಸವೆದಿದೆ, ಸವೆದದ್ದನ್ನು ಯಾವ ಆಯಿಲ್ಲೂ ವಾಪಸ್ ತರುವುದಿಲ್ಲ. 'ಎಲ್ಲಾ ಸರಿ ಹೋಗ್ತದೆ' ಅಂದ ನನ್ನ ಮಾತನ್ನು ಆವತ್ತು ಅವರ ಮುಂದೆಯೇ ವಾಪಸ್ ತೆಗೆದುಕೊಂಡೆ.

20 ನಿಮಿಷ ಇಳಿಯಲು ಬಿಟ್ಟು ಅಳತೆ ಜಗ್ಗಿಗೆ ಸುರಿದರೆ 1.6 ಲೀಟರ್. ಬಿಲ್ಲಿನಲ್ಲಿ 2 ಲೀಟರ್, ಕೈಪಿಡಿಯಲ್ಲಿ 2.2. ಉಳಿದದ್ದು ಎಲ್ಲಿ ಹೋಯಿತು? ಎರಡೂ ಕಡೆಯ ಡ್ರೈವ್ ಶಾಫ್ಟ್ ಸೀಲ್ ಒರೆಸಿ ನೋಡಿದೆ, ಒಣಗಿದ್ದವು. ಆದರೆ ಗೇರ್ ಬಾಕ್ಸಿನ ಹಿಂದಿನ ಅಡ್ಡಪಟ್ಟಿಯ ಮೇಲೆ ಧೂಳು ಮೆತ್ತಿದ ಎಣ್ಣೆಯ ದಪ್ಪ ಪದರ ಇತ್ತು. ಈ ಕಾರಿನ ಫಿಲ್ಲರ್ ತೂತು ಗೇರ್ ಬಾಕ್ಸಿನ ಹಿಂಭಾಗದ ಮುಖದಲ್ಲಿದೆ. ಕಾರಿನ ಮುಂಭಾಗವನ್ನು ಮಾತ್ರ ಜಾಕ್ ಮೇಲೆ ಎತ್ತಿ ಆಯಿಲ್ ಹಾಕಿದರೆ ಆ ತೂತು ಕೆಳಕ್ಕೆ ವಾಲುತ್ತದೆ. ತುಂಬುವ ಮೊದಲೇ ಆಯಿಲ್ ಉಕ್ಕಿ ಹೊರಗೆ ಬರುತ್ತದೆ, ಹಾಕಿದವರು ತುಂಬಿತು ಅಂದುಕೊಂಡು ಬೋಲ್ಟ್ ಬಿಗಿ ಮಾಡುತ್ತಾರೆ. ಜೂನ್‌ನಲ್ಲಿ ಆದದ್ದು ಇದೇ ಇರಬೇಕು. ತಪ್ಪು ಆಯಿಲ್, ಅದೂ ಕಮ್ಮಿ. ಗೇರ್ ಬಾಕ್ಸ್‌ನಲ್ಲಿ ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಲ್ಲದ ಕಾರುಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಆಯಿಲ್ ಅಳೆಯಲು ಒಂದು ನಿಮಿಷ ಕೂಡ ಬೇಡ, ದಯವಿಟ್ಟು ಅಳೆಯಿರಿ.

ಡೀಸೆಲ್ ಹಾಕಿ ಒಳಗೆ ತೊಳೆಯೋಣವಾ ಅಂತ ಹುಡುಗ ಕೇಳಿದ. ಹಲವು ಕಡೆ ಹಾಗೆ ಮಾಡುತ್ತಾರೆ. ನಾನು ಬೇಡ ಅಂದೆ. ಡೀಸೆಲ್ ಪೂರ್ತಿ ಹೊರಗೆ ಬರುವುದಿಲ್ಲ, ಮೂಲೆಯಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳು ಮಾಡುತ್ತದೆ. ಅದರ ಬದಲು ಈಗ ಸರಿಯಾದ ಆಯಿಲ್ ಹಾಕಿ, 1,500 ಕಿ.ಮೀ. ಓಡಿಸಿ, ಮತ್ತೊಮ್ಮೆ ಬದಲಾಯಿಸುವುದು ಅಂತ ಮಾತಾಡಿಕೊಂಡೆವು. ಎರಡನೇ ಸಲದ ಖರ್ಚು ಮೇಷ್ಟ್ರಿಗೆ ಭಾರ ಆಗಬಹುದೇನೋ ಅಂತ ಅಳುಕಿತ್ತು. ಅವರೇ, 'ಉಂಗುರ ತಿನ್ನೋ ಆಯಿಲ್ ಒಳಗೆ ಉಳಿಯೋದು ಬೇಡ' ಅಂದರು. ಅಂಗಡಿಯವರು ಸೇರಿಸಿ ಕಳಿಸಿದ್ದ, ಗೇರ್ ನಯ ಮಾಡುತ್ತದೆ ಅನ್ನುವ ಒಂದು ಸಣ್ಣ ಬಾಟಲಿಯನ್ನು ಮುಟ್ಟದೆ ವಾಪಸ್ ಕಳಿಸಿದೆ. ಜಾರು ಜಾಸ್ತಿಯಾಗಿಯೇ ಈ ತೊಂದರೆ ಬಂದದ್ದು.

ಹೊಸ ಅಲ್ಯೂಮಿನಿಯಂ ವಾಷರ್ ಹಾಕಿ ಡ್ರೈನ್ ಬೋಲ್ಟ್ ಕೂರಿಸಿದೆವು. ಟಾರ್ಕ್ ವ್ರೆಂಚ್ ಬಳಸಿ, ಕೈಪಿಡಿ ಹೇಳಿದಷ್ಟೇ. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಕೈಬಲ ತೋರಿಸಿದರೆ ತೂತಿನೊಳಗಿನ, ಬೋಲ್ಟ್ ಹಿಡಿಯುವ ತಿರುಪಿನ ಗೆರೆಗಳು ಕಿತ್ತು ಬರುತ್ತವೆ, ಆಮೇಲೆ ನಿಜವಾಗಿಯೂ ಗೇರ್ ಬಾಕ್ಸ್ ಇಳಿಸಬೇಕಾಗಬಹುದು. ಬಾನೆಟ್ ಮೇಲಿಂದ ಒಂದು ಮೀಟರ್ ಪೈಪ್ ಇಳಿಬಿಟ್ಟು, ಫನಲ್ ಇಟ್ಟು, ಆಯಿಲ್ ಸುರಿದೆವು. ದಪ್ಪ ದ್ರವ, ಅವಸರ ಮಾಡಿದರೆ ಉಕ್ಕುತ್ತದೆ. 2.1 ಲೀಟರ್‌ಗೆ ತೂತಿನ ಅಂಚಿನಿಂದ ಎಳೆಯಾಗಿ ಸೋರಿ, ಆಮೇಲೆ ತೊಟ್ಟಿಕ್ಕಿ ನಿಂತಿತು. ಫಿಲ್ಲರ್ ಬೋಲ್ಟ್ ಹಾಕಿದೆವು. ಹಳೆಯ ಆಯಿಲನ್ನು ಕ್ಯಾನ್‌ಗೆ ತುಂಬಿ, ಮರುಬಳಕೆಗೆ ಒಯ್ಯುವವರಿಗೆ ಕೊಡಲು ಬೇರೆ ಇಟ್ಟೆವು. ನಮ್ಮಲ್ಲಿ ಮಣ್ಣಿಗೆ ಸುರಿದದ್ದು ಹಳ್ಳಕ್ಕೆ ಸೇರಲು ಒಂದು ಮಳೆ ಸಾಕು.

ಹಾಜರಿ ಪುಸ್ತಕದಲ್ಲಿ ಬಂದದ್ದು

ಮರುದಿನ ಬೆಳಗ್ಗೆ 6.20ಕ್ಕೆ ಮೇಷ್ಟ್ರ ಫೋನ್. 13 ಡಿಗ್ರಿ, ಒಂದನೇ ಗೇರ್ ಮೊದಲ ಸಲಕ್ಕೇ ಬಿತ್ತು. ಅವರ ದನಿಯಲ್ಲಿದ್ದ ನಿರಾಳ ನನಗೆ ಈಗಲೂ ನೆನಪಿದೆ.

ಮುಂದಿನ ಏಳು ಬೆಳಗ್ಗೆಯೂ ಒಂದನೇ ಗೇರ್ ಮೊದಲ ಸಲಕ್ಕೇ ಬಿತ್ತು. ಲಿವರಿನ ಭಾರ ಹೋಗಿತ್ತು. ಮೊದಲ ಒಂದು ಕಿ.ಮೀ. ಮಾತ್ರ ಸ್ವಲ್ಪ ಗಟ್ಟಿ ಅನ್ನಿಸುತ್ತದೆ ಅಂತ ಬರೆದಿದ್ದರು, ಆ ಚಳಿಗೆ ಅಷ್ಟು ಯಾವ ಕಾರಿಗೂ ಇರುತ್ತದೆ. ಎರಡನೇ ಗೇರ್ ಏಳರಲ್ಲಿ ಮೂರು ದಿನ ಕಡಿಯಿತು. ಬಿಸಿಯಾದ ಮೇಲೆ ಒಂದು ಸಲವೂ ಇಲ್ಲ.

1,500 ಕಿ.ಮೀ. ಆದ ಮೇಲೆ ಎರಡನೇ ಸಲ ಇಳಿಸಿದೆವು. ಈ ಸಲ ಅಳತೆ 2.1, ಹಾಕಿದಷ್ಟೂ ಇತ್ತು. ಪೇಸ್ಟ್ ತೆಳುವಾಗಿತ್ತು. ಪಂಚೆ ತುಂಡಿನ ಮೇಲೆ ಹಿತ್ತಾಳೆ ಹೊಳಪು ಕಮ್ಮಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅದಾದ ಮೇಲೆ ಎರಡನೇ ಗೇರಿನ ಸದ್ದು ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು, ಅದೂ ಬೆಳಗಿನ ಮೊದಲ ಇಳಿಜಾರಿನಲ್ಲಿ.

ಇಲ್ಲಿ ಕೊನೆಯ ತೀರ್ಮಾನ ಬಂತು. ಸವೆದ ಉಂಗುರ ಬದಲಾಯಿಸಲು ಗೇರ್ ಬಾಕ್ಸ್ ಇಳಿಸುವುದಾ, ಹೀಗೇ ಓಡಿಸುವುದಾ? ನಾನು ಮೂರು ವಿಷಯ ನೋಡಿದೆ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಿದೆಯಾ? ಬೇರಿಂಗ್ ಊಳಿಡುವ ಸದ್ದು ಇದೆಯಾ? ಬಿಸಿಯಾದ ಮೇಲೂ ಕಡಿಯುತ್ತಿದೆಯಾ? ಮೂರೂ ಇಲ್ಲ. ಈ ಮೂರರಲ್ಲಿ ಒಂದು ಇದ್ದಿದ್ದರೂ ನಾನೇ ಬಿಚ್ಚಲು ಹೇಳುತ್ತಿದ್ದೆ. ಹಾಗಾಗಿ ಬಿಚ್ಚಬಾರದು ಅಂತ ತೀರ್ಮಾನಿಸಿದೆವು.

ಬದಲಿಗೆ ಓಡಿಸುವ ರೀತಿಯಲ್ಲಿ ಕೆಲವನ್ನು ಬದಲಾಯಿಸಿಕೊಳ್ಳಲು ಕೇಳಿಕೊಂಡೆ. ಮೂರರಿಂದ ಎರಡಕ್ಕೆ ತರುವಾಗ ವೇಗ ಇನ್ನೊಂದಿಷ್ಟು ಇಳಿಸಿ, ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಬಿಡುವುದು. ಉಂಗುರಕ್ಕೆ ಉಜ್ಜಲು ಸಮಯ ಸಿಗುತ್ತದೆ. ನಿಂತಲ್ಲಿ ಒಂದನೇ ಗೇರ್ ಬೀಳದಿದ್ದರೆ ಜೋರು ಮಾಡದೆ, ಒಮ್ಮೆ ಎರಡಕ್ಕೆ ಮುಟ್ಟಿಸಿ ಒಂದಕ್ಕೆ ತರುವುದು. ಇನ್ನೊಂದನ್ನು ನಾನು ಅವರ ಪಕ್ಕ ಕೂತು ಹೋದಾಗ ಗಮನಿಸಿದ್ದೆ. ಘಾಟಿಯಲ್ಲಿ ಎಡಗೈ ಯಾವಾಗಲೂ ಗೇರ್ ಲಿವರಿನ ಮೇಲೆಯೇ ಇರುತ್ತಿತ್ತು. ಕೈಯ ಆ ಭಾರ ಒಳಗೆ ಗೇರ್ ಸರಿಸುವ ಸೆಲೆಕ್ಟರ್ ಫೋರ್ಕನ್ನು, ತಿರುಗುತ್ತಿರುವ ಬಳೆಯಂಥ ಸ್ಲೀವ್‌ಗೆ ಒತ್ತುತ್ತಲೇ ಇರುತ್ತದೆ, ಎರಡೂ ಸವೆಯುತ್ತವೆ. ಕೈ ಸ್ಟಿಯರಿಂಗ್ ಮೇಲೆ ಇರಲಿ ಅಂದೆ. ರಬ್ಬರ್ ಮ್ಯಾಟ್ ಈಗ ಹಿಂದಿನ ಸೀಟಿನ ಕೆಳಗಿದೆ.

ಒಟ್ಟು ಖರ್ಚು: 5 ಲೀಟರ್ ಆಯಿಲ್‌ಗೆ 2,750, ವಾಷರ್‌ಗಳಿಗೆ 60, ಎರಡು ಸಲದ ಕೂಲಿ 1,000. ಎಲ್ಲಾ ಸೇರಿ 3,810 ರೂಪಾಯಿ. ಕ್ಲಚ್ ಹೊಂದಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ 11 ತಿಂಗಳಾಗಿದೆ. ಕಾರು 96 ಸಾವಿರ ದಾಟಿದೆ, ಗೇರ್ ಬಾಕ್ಸ್ ಇನ್ನೂ ಬಿಚ್ಚಿಲ್ಲ. ಮೊನ್ನೆ ಚಳಿ ಮತ್ತೆ ಶುರುವಾದಾಗ ಮೇಷ್ಟ್ರು ಬಂದು ಪಿಟ್ ಮೇಲೆ ನಿಲ್ಲಿಸಿದರು. ಫಿಲ್ಲರ್ ಬೋಲ್ಟ್ ತೆಗೆದು ಕಿರುಬೆರಳು ಮಡಚಿ ಒಳಗೆ ಇಟ್ಟೆ. ಆಯಿಲ್ ತೂತಿನ ಅಂಚಿಗೆ ಸರಿಯಾಗಿ ಇತ್ತು. ಬಾನೆಟ್ ಒಳಗೆ ಅವರದೇ ದುಂಡು ಅಕ್ಷರದ ಒಂದು ಚೀಟಿ ಅಂಟಿಸಿದ್ದಾರೆ: '75ಡಬ್ಲ್ಯೂ-80, ಜಿಎಲ್-4, 2.2 ಲೀಟರ್. ಬೇರೆ ಹಾಕಬೇಡಿ.'